ಅಳಿಸಿದ ಹದಿನಾಲ್ಕನೇ ತಾರೀಖು

ಯಜಮಾನರಿಗೆ ನಮಸ್ಕಾರಗಳು.

ಎಡಗೈಯಲ್ಲಿ ಬರೆದಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ. ಸೋಮವಾರ ನನಗೆ ರಜೆ ಬೇಕು. ಬ್ಯಾಕಪ್, ಅಂದರೆ ಕಂಪ್ಯೂಟರಿನಲ್ಲಿರುವುದರ ನಕಲು ಕಾಪಾಡುವ ಕೆಲಸದ ಪರೀಕ್ಷೆಯಿದೆ. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು ಕಂಪ್ಯೂಟರ್ ಕೋಣೆಗೆ ಬಂದದ್ದೇ ಹೀಗೆ ಓದಿಕೊಂಡು.

ಅಳಿಸಿಹೋದದ್ದನ್ನು ನಕಲಿಟ್ಟ ಟೇಪಿನಿಂದ ಮರಳಿ ತೆಗೆಯುವುದು ಪರೀಕ್ಷೆಯ ಮುಖ್ಯ ಪಾಠ. ಅಭ್ಯಾಸಕ್ಕೆಂದು ಗೋದಾಮಿನ ಕ್ಯಾಮೆರಾದ ಹದಿನಾಲ್ಕನೇ ತಾರೀಖಿನ ಚಿತ್ರವನ್ನು ಮರಳಿ ತೆಗೆದೆ. ಇಡೀ ತಿಂಗಳಲ್ಲಿ ಯಾರೋ ಅಳಿಸಿದ್ದು ಅದೊಂದೇ ದಿನ. ಅಂದು ನಮ್ಮ ಲಾರಿ ಚಾಲಕ ಮೆಟ್ಟಿಲಿಂದ ಬಿದ್ದು ಕಣ್ಣು ಕಳೆದುಕೊಂಡನೆಂದು ನೀವು ಠಾಣೆಯಲ್ಲಿ ಬರೆಸಿದ್ದೀರಿ. ಚಿತ್ರದಲ್ಲಿ ಮೆಟ್ಟಿಲೇ ಇಲ್ಲ. ನಿಮ್ಮ ಬಾಮೈದರಿದ್ದಾರೆ, ಅವರ ಕೈಯಲ್ಲಿ ಕಬ್ಬಿಣದ ಸರಳಿದೆ. ಒಟ್ಟು ಹನ್ನೊಂದು ಏಟು. ನಾಲ್ಕನೆಯದಕ್ಕೇ ಅವನು ಕೈಮುಗಿದಿದ್ದ.

ಉಪ್ಪು ತಿಂದ ಋಣಕ್ಕೆ ಮೊದಲು ನಿಮಗೇ ಹೇಳಿದೆ. ನಿನ್ನೆ ಬಾಮೈದರು ಅದೇ ಸರಳು ಹಿಡಿದು ಬಂದರು.

"ಏನೋ, ದೊಡ್ಡ ಪಂಡಿತ ಆಗ್ಬಿಟ್ಯಾ?" ಎಂದು ನನ್ನ ಬಲಗೈಯ ಎರಡು ಬೆರಳು ಮುರಿದರು. ಆಮೇಲೆ ಕಂಪ್ಯೂಟರಿನ ಪರದೆಯನ್ನು ಪುಡಿಪುಡಿ ಮಾಡಿ, "ಈಗ ನೋಡ್ಕೋ ಹೋಗು ನಿನ್ ಸಿನಿಮಾನ!" ಎಂದರು. ಪಾಪ, ಎಲ್ಲ ಪರದೆಯೊಳಗೇ ಇರುತ್ತದೆ ಎಂದುಕೊಂಡಿದ್ದರು. ಟೇಪಿಗೆ ಒಂದು ಗೀರೂ ಬಿದ್ದಿಲ್ಲ. ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕೆಂಬುದು ನಮ್ಮ ಕೆಲಸದ ನಿಯಮ, ಅದರಂತೆ ಇದೆ. ಎಲ್ಲಿದೆ ಎಂದು ಕೇಳಲು ಮತ್ತೆ ಅವರನ್ನು ಕಳಿಸಬೇಡಿ. ಉಳಿದ ಎಂಟು ಬೆರಳು ಪರೀಕ್ಷೆಗೆ ಬೇಕು.

ಪರೀಕ್ಷೆ ಹನ್ನೊಂದಕ್ಕೆ. ದಾರಿಯಲ್ಲೇ ಠಾಣೆ, ಹತ್ತಕ್ಕೆ ಅಲ್ಲಿರುತ್ತೇನೆ. ನೀವು ಬಾಮೈದರನ್ನು ಕರೆದುಕೊಂಡು ಒಂಬತ್ತಕ್ಕೆ ಹೋದರೆ ತಪ್ಪೊಪ್ಪಿಕೊಂಡರು ಎಂದು ಬರೆದುಕೊಳ್ಳುತ್ತಾರೆ. ಹತ್ತು ದಾಟಿದರೆ ಸಿಕ್ಕಿಬಿದ್ದರು ಎಂದು.

ರಜೆ ಕೊಡುವಿರೆಂದು ನಂಬಿರುವ,
ನಿಮ್ಮ ಕಂಪ್ಯೂಟರ್ ಕೋಣೆಯವನು