ಡಬ್ಬಿ ಬಿಡುವು

ಸಾಂಗ್ಲಿವಾಡಿ,
ಮಂಗಳವಾರ, ೨೧ ಜನವರಿ ೧೯೯೭

ಪ್ರೀತಿಯ ಸುಕುಮಾರಾ,

ಹೇಗಿದ್ದೀಯಪ್ಪ? ಕೆಮ್ಮು ಹೋಯಿತೋ, ಇಲ್ಲಾ ಗುಜರಾತದಲ್ಲೂ ನಿನ್ನ ಜೊತೆಗೇ ಪಾಳಿ ಮಾಡುತ್ತಿದೆಯೋ? ಕಬ್ಬಿನ ಸಿಪ್ಪೆಯ ಧೂಳು ಎದೆಗೆ ಒಳ್ಳೆಯದಲ್ಲ, ಮೂಗಿಗೆ ಅರಿವೆ ಕಟ್ಟಿಕೋ ಎಂದು ಬರೆಯಲು ನಿನ್ನ ಅವ್ವ ಈ ಸಲವೂ ಹೇಳಿದ್ದಾಳೆ. ಹಿಂದಿನ ಮೂರು ಕಾಗದಗಳಲ್ಲೂ ಬರೆದಿದ್ದೇನೆ. ನೀನು ಕಟ್ಟಿಕೊಳ್ಳುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಪಾಕದ ಹಬೆ ಬಡಿದು ಸುಟ್ಟ ಕೈ ಮಾಯಿತೇ? ಎಣ್ಣೆ ಹಚ್ಚುವುದನ್ನು ಬಿಡಬೇಡ. ಎರಡನೇ ಪಾಳಿ ಬಿದ್ದ ದಿನ ಊಟಕ್ಕೆ ಏನು ಮಾಡುತ್ತೀ ಎಂಬುದು ಅವಳ ಇನ್ನೊಂದು ಚಿಂತೆ. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕದ ಮನೆಯಲ್ಲಿ ಹುಟ್ಟಿದವನು, "ಕಾರಖಾನಿ ಭೋಂಗಾ ಕೂಗಿದ್ದ ಕೇಳಿ ಉಣ್ತಾನೋ, ಸೂರ್ಯಾನ್ನ ನೋಡಿ ಉಣ್ತಾನೋ" ಎಂದು ದಿನಾ ಒಂದು ಸಲ ನನ್ನನ್ನು ಕೇಳುತ್ತಾಳೆ, ನಾನೇ ನಿನ್ನ ಸಕ್ಕರೆ ಕಾರ್ಖಾನೆಯ ಮ್ಯಾನೇಜರ ಎಂಬಂತೆ. ಹೊತ್ತಿಗೆ ಉಣ್ಣುತ್ತೇನೆ ಎಂದು ಒಂದು ಸಾಲು ಬರೆದುಬಿಡು, ಈ ಮನೆಯಲ್ಲಿ ಶಾಂತಿ ಇರುತ್ತದೆ.

ಇಲ್ಲಿ ನಾವೆಲ್ಲ ಬದುಕಿದ್ದೇವೆ. ಸೊಸೆ ಸುನಂದಾ ಆರಾಮ ಇದ್ದಾಳೆ, ನಿನಗೆ ಬೇರೆ ಕಾಗದ ಬರೆಯುತ್ತಾಳಂತೆ, ನನ್ನದರಲ್ಲಿ ಸೇರಿಸಲು ಒಪ್ಪಲಿಲ್ಲ. ಫೋನು ಮಾಡಬಾರದಿತ್ತೇ ಎಂದು ನೀನು ಕೇಳಬಹುದು. ಸೇತುವೆಯ ಆಚೆ ಈಗ ಹೆಜ್ಜೆಗೊಂದು ಎಸ್‌ಟಿಡಿ ಬೂತು. ಆದರೆ ಆ ಗಾಜಿನ ಪೆಟ್ಟಿಗೆಯೊಳಗೆ ನಿಂತು ಕೆಂಪು ಅಂಕಿ ಓಡುವುದನ್ನು ನೋಡುತ್ತಾ ನನಗೆ ಮಾತೇ ಬಾರದು. ಅದೂ ಅಲ್ಲದೆ ಇದು ಮೂರು ನಿಮಿಷದಲ್ಲಿ ಹೇಳುವ ಸುದ್ದಿಯಲ್ಲ. ಮಿರಜ ರಸ್ತೆಯನ್ನು ನೀನು ಬಂದಾಗ ಗುರುತಿಸಲಾರೆ. ದವಾಖಾನೆ, ಅಪಾರ್ಟ್‌ಮೆಂಟು, ಮತ್ತೆ ದವಾಖಾನೆ. ಮಿರಜ, ನಮ್ಮ ಊರು ಎರಡನ್ನೂ ಕೂಡಿಸಿ ಒಂದೇ ಮಹಾನಗರ ಮಾಡುತ್ತಾರಂತೆ. ಮಾಡಲಿ, ನನಗೆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ಸಾಕು.

ಇನ್ನು ಋತುಜಾಳ ಸುದ್ದಿ. ಐದು ಜಿಲ್ಲೆಯ ಹುಡುಗಿಯರ ಚದುರಂಗದ ಆಯ್ಕೆ ಪಂದ್ಯ ಭಾನುವಾರ ಮುಗಿಯಿತು. ಗೆದ್ದವಳು ರಾಜ್ಯದ ತಂಡಕ್ಕೆ, ಉಳಿದವರು ಮನೆಗೆ. ನಿನ್ನ ಮಗಳು ಮನೆಗೆ ಬಂದಿದ್ದಾಳೆ. "ಪಪ್ಪಾಗ ಯಾರೂ ತಿಳಿಸಬ್ಯಾಡ್ರಿ" ಎಂದು ತಾಯಿಗೆ ಹೇಳಿದ್ದಾಳೆ. ನನಗೆ ಹೇಳಿಲ್ಲ, ಯಾಕೆಂದರೆ ಭಾನುವಾರ ಸಂಜೆಯಿಂದ ಅವಳು ನನ್ನೊಡನೆ ಮಾತಾಡಿಲ್ಲ. ಸೋತಿದ್ದರೆ ನಾನು ನಾಲ್ಕು ಸಾಲಿನಲ್ಲಿ ಮುಗಿಸುತ್ತಿದ್ದೆ. ಅವಳು ಸೋಲಲಿಲ್ಲ, ಸುಕುಮಾರಾ. ಅದನ್ನು ಹೇಳುವುದಕ್ಕೇ ಇಷ್ಟು ಸುತ್ತು ಬಳಸುತ್ತಿದ್ದೇನೆ.

ನಿನಗೆ ಡಬ್ಬಿ ಬಿಡುವು ನೆನಪಿದೆಯಲ್ಲ? ಮರೆಯಲು ಸಾಧ್ಯವಿಲ್ಲ, ಎಷ್ಟು ಸಲ ಗಡಿಯಾರ ನಿಲ್ಲಿಸಿ ಓಡಿಹೋಗಿ ಅವ್ವನ ರೊಟ್ಟಿ ತಿಂದು ಬಂದಿದ್ದೀ. ೧೯೬೧ರಲ್ಲಿ ನಾವು ಪಂದ್ಯ ಶುರು ಮಾಡಿದಾಗ ಆಡುವವರಲ್ಲಿ ಅರ್ಧ ಜನ ನಮ್ಮ ಜೈನರೇ ಇದ್ದರು. ಕವಲಾಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ರೈತರು, ಪೇಟೆಯ ಅರಿಷಿಣದ ವ್ಯಾಪಾರಿಗಳು. ಹೊತ್ತು ಇಳಿಯುತ್ತಿದ್ದಂತೆ ಅವರ ತಲೆ ಪಟದ ಮೇಲಿರದೆ ಕಿಟಕಿಯ ಕಡೆ ತಿರುಗುತ್ತಿತ್ತು. ಅದಕ್ಕೆ ನಾನೇ ಒಂದು ರೂಢಿ ಹಾಕಿದೆ. ಸೂರ್ಯ ಮುಳುಗಲು ಅರ್ಧ ತಾಸು ಇರುವಾಗ ನಮ್ಮವರು ಜೋಡಿ ಗಡಿಯಾರದ ಎರಡೂ ಬದಿ ನಿಲ್ಲಿಸಿ, ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಉಂಡು, ಕಾಲು ತಾಸಿನಲ್ಲಿ ಬಂದು ಕೂರುವುದು. ಎದುರಿನವರು ಅಷ್ಟು ಹೊತ್ತು ಚಹಾ ಕುಡಿಯುವುದು. ಪಂಚನನ್ನು ಕೇಳುವುದೂ ಬೇಕಿರಲಿಲ್ಲ. ಮೂವತ್ತಾರು ವರ್ಷದಲ್ಲಿ ಯಾರೂ ತಕರಾರು ಮಾಡಲಿಲ್ಲ, ಆದ್ದರಿಂದ ಯಾರೂ ಅದನ್ನು ಬರೆದಿಡಲೂ ಇಲ್ಲ.

ಈ ಸಲ ಪಂದ್ಯಕ್ಕೆ ಒಂದು ಟೀವಿ ಕಂಪನಿಯವರು ಬಂದರು. ಮಂಗಲ ಕಾರ್ಯಾಲಯದ ತುಂಬ ಅವರದೇ ಬ್ಯಾನರು. ಮದುವೆಯೋ ಆಟವೋ ತಿಳಿಯುತ್ತಿರಲಿಲ್ಲ. ಪ್ರಮಾಣಪತ್ರ ಇರುವ ಪಂಚ ಬೇಕೆಂದು ಮುಂಬಯಿಯಿಂದ ಒಬ್ಬ ತರುಣನನ್ನು ಕರೆಸಿ ಮುಖ್ಯ ಪಂಚ ಮಾಡಿದರು. ಸಭ್ಯ ಹುಡುಗ, ಅವನನ್ನು ನಾನು ದೂರುವುದಿಲ್ಲ. ನಾನು ಎರಡನೇ ಪಂಚ, ಅಂದರೆ ಕುರ್ಚಿ ಎಣಿಸುವವನು. ನಿನ್ನ ಮಾತು ನನಗೆ ನೆನಪಿತ್ತು. ನಾನು ಋತುಜಾಗೆ ಆಟ ಕಲಿಸಲು ನೀನು ಒಪ್ಪಿದಾಗ ಒಂದೇ ಷರತ್ತು ಹಾಕಿದ್ದೆ: "ಅಪ್ಪಾ, ನೀವು ಪಂಚ ಇದ್ದಲ್ಲಿ ಅಕಿನ್ನ ಆಡಸಬ್ಯಾಡ್ರಿ." ಎರಡನೇ ಪಂಚನೂ ಒಬ್ಬ ಪಂಚನೇ ಎಂದು ನನಗೆ ನಾನು ಒಪ್ಪಿಕೊಳ್ಳಲಿಲ್ಲ. ತಪ್ಪು ನನ್ನದು.

ಕೊನೆಯ ಸುತ್ತು ಮಧ್ಯಾಹ್ನ ಒಂದೂವರೆಗೆ ಶುರುವಾಗಬೇಕಿತ್ತು. ಕಂಪನಿಯ ದೊಡ್ಡ ಮನುಷ್ಯ ಕೊಲ್ಹಾಪುರದಿಂದ ಬರುವುದು ತಡವಾಗಿ, ಅವರು ದೀಪ ಹಚ್ಚಿ, ಭಾಷಣ ಮಾಡಿ, ನಾಲ್ಕಕ್ಕೆ ಹತ್ತು ಕಡಿಮೆಗೆ ಆಟ ಶುರುವಾಯಿತು. ಋತುಜಾ ಕೂರುವ ಮುಂಚೆ ನನ್ನ ಹತ್ತಿರ ಬಂದು, "ಅಜ್ಜಾ, ಹೊತ್ತ ಆತಂದ್ರ?" ಎಂದು ಕೇಳಿದಳು. "ಎಂದಿನಂಗ, ಗಡಿಯಾರ ನಿಲ್ಲಿಸಿ ಉಂಡ ಬಾ" ಎಂದೆ. ಈ ಮಾತನ್ನು ಇನ್ನೊಮ್ಮೆ ಓದಿಕೋ. ಮುಂದಿನದಕ್ಕೆಲ್ಲ ಇದೇ ಬೇರು.

ಎದುರಿಗೆ ಪುಣೆಯ ಹುಡುಗಿ, ಹದಿಮೂರು ವರ್ಷ, ನಮ್ಮವಳಷ್ಟೇ. ಇಬ್ಬರಿಗೂ ಸಮ ಅಂಕ, ಗೆದ್ದವಳು ತಂಡಕ್ಕೆ. ಋತುಜಾಗೆ ಎರಡು ಪ್ಯಾದೆ ಹೆಚ್ಚಿದ್ದವು, ಒಂದಂತೂ ವಜೀರನಾಗಲು ಮೂರೇ ಮನೆ ಬಾಕಿ. ಇನ್ನು ಮುಕ್ಕಾಲು ತಾಸಿನಲ್ಲಿ ಗೆದ್ದು ಮುಗಿಸುತ್ತಿದ್ದಳು. ಆರಕ್ಕೆ ಐದು ನಿಮಿಷವಿರುವಾಗ ಅವಳು ಕಿಟಕಿ ನೋಡಿದಳು, ಗಡಿಯಾರ ನಿಲ್ಲಿಸಿದಳು, ಎದ್ದು ನಿಂತಳು. ಹೊರಗಿನವರ ಲೆಕ್ಕದಲ್ಲಿ ಹಾಗೆ ಗಡಿಯಾರ ನಿಲ್ಲಿಸಿ ಏಳುವುದೆಂದರೆ ಸೋಲೊಪ್ಪಿದಂತೆ. ಪುಣೆಯ ಹುಡುಗಿ ಪಾಪ ಬೆರಗಾಗಿ, ಆಟ ಮುಗಿದಾಗಿನ ರೀತಿಯಂತೆ ಎದ್ದು ಕೈ ಚಾಚಿದಳು. ನಮ್ಮ ಹುಡುಗಿ ಏನು ತಿಳಿದಳು ಗೊತ್ತೇ? ಇವಳು ಎಷ್ಟು ಒಳ್ಳೆಯವಳು, ಹೋಗಿ ಊಟ ಮಾಡಿ ಬಾ ಎನ್ನುತ್ತಿದ್ದಾಳೆ, ಅಂತ. ನಗುತ್ತಾ ಕೈ ಕುಲುಕಿ ಹೋದಳು. ಜಗತ್ತಿನಲ್ಲಿ ಇಂಥ ತಪ್ಪು ನಮ್ಮ ಮನೆಯ ಮಕ್ಕಳು ಮಾತ್ರ ಮಾಡಬಲ್ಲರು.

ಬಾಯಿ ಒರೆಸಿಕೊಳ್ಳುತ್ತಾ ಅವಳು ವಾಪಸು ಬಂದಾಗ ಕಾಯಿಗಳೆಲ್ಲ ಚೀಲದೊಳಗೆ ಹೋಗಿದ್ದವು. ಆಮೇಲೆ ಗದ್ದಲ. ಪುಣೆಯವಳ ತಂದೆ ಒಂದು ಕಡೆ, ಸುನಂದಾ ಒಂದು ಕಡೆ. ಮೆತ್ತಗಿರುವ ಸುನಂದಾಳಿಗೆ ಅಷ್ಟು ಮರಾಠಿ ಬರುತ್ತದೆ ಎಂದು ನನಗೆ ಅಂದೇ ಗೊತ್ತಾಯಿತು. ಮುಂಬಯಿಯ ಪಂಚ ಎಲ್ಲರನ್ನೂ ಸುಮ್ಮನಾಗಿಸಿ ನನ್ನ ಕಡೆ ತಿರುಗಿದ. "ಗುರೂಜಿ, ನಿಮ್ಮಲ್ಲಿ ಇಂಥದೊಂದು ನಿಯಮ ಇದೆಯೇ? ಹುಡುಗಿಗೆ ಯಾರಾದರೂ ಹೇಳಿದ್ದರೇ?" ಎಂದು ಮರಾಠಿಯಲ್ಲಿ ಕೇಳಿದ. ಕೇಳಿದ್ದು ಗೌರವದಿಂದಲೇ. ನಾನು ಹೌದು ಎಂದಿದ್ದರೆ ಅವನು ಕಾಯಿ ಮತ್ತೆ ಹೂಡಿಸುತ್ತಿದ್ದ, ಆಟದ ಕಾಗದದಲ್ಲಿ ಎಲ್ಲ ನಡೆಯೂ ಬರೆದಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ "ನಾತ ಆಹೇ ತ್ಯಾಂಚಿ" ಎಂದರು, ಮೊಮ್ಮಗಳು ಅವರ. ಕುರ್ಚಿಗಳೆಲ್ಲ ನನ್ನ ಕಡೆ ತಿರುಗಿದ ಸದ್ದು ಕೇಳಿಸಿತು. ನಾನು "ಇಲ್ಲ" ಎಂದೆ. "ಬರೆದ ನಿಯಮ ಯಾವುದೂ ಇಲ್ಲ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ನೋಡು. ಎರಡನೇ ಪ್ರಶ್ನೆಗೆ ನಾನು ಉತ್ತರವನ್ನೇ ಕೊಡಲಿಲ್ಲ, ಅವನೂ ಮತ್ತೆ ಕೇಳಲಿಲ್ಲ. ಋತುಜಾ ನನ್ನ ಮುಖ ನೋಡುತ್ತಿದ್ದಳು. ಅಜ್ಜನೇ ಹೇಳಿದ್ದ ಎಂದು ಅವಳು ಕೂಗಬಹುದಿತ್ತು. ಕೂಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿಕೊಂಡು ಹೊರಗೆ ಹೋದಳು. ಎಷ್ಟು ವರ್ಷ ಶಾಲೆಯಲ್ಲಿ ಮಕ್ಕಳ ಮುಖ ನೋಡಿದ್ದೇನೆ, ಹೊಡೆತ ತಿಂದ ಮುಖಗಳನ್ನೂ ನೋಡಿದ್ದೇನೆ, ಅಂಥದ್ದನ್ನು ಕಂಡಿರಲಿಲ್ಲ.

ಇದನ್ನು ಓದುವಾಗ ನಿನಗೆ ಏನು ನೆನಪಾಗುತ್ತದೆ ಎಂದು ನನಗೆ ತಿಳಿಯದೇ? ಮಿರಜದ ಶಾಲೆಯ ಪಂದ್ಯದ ಆ ಒಂಟೆ ಕಾಯಿ. ಇಪ್ಪತ್ತೊಂದು ವರ್ಷವಾಯಿತು, ನಾವಿಬ್ಬರೂ ಅದರ ಹೆಸರೆತ್ತಿಲ್ಲ. ನಿನಗೆ ಹದಿನೇಳು, ನನ್ನದೇ ತುಂಬುತೋಳಿನ ಬಿಳಿ ಅಂಗಿ ಹಾಕಿಕೊಂಡು ಕೊನೆಯ ಆಟಕ್ಕೆ ಕೂತಿದ್ದೆ. ಕುದುರೆ ನಡೆಸಲು ಕೈ ಚಾಚಿದಾಗ ನೀನು ಒಂಟೆ ಮುಟ್ಟಿದೆ ಎಂದು ಎದುರಿನವನು ಕೂಗಿದ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬುದು ಆಟದ ಮೊದಲ ಪಾಠ. ನೀನು ಮುಟ್ಟಿಲ್ಲ ಎಂದೆ. ಪಕ್ಕದ ಮೇಜಿನವನು ಮುಟ್ಟಿದ ಎಂದ. ಪಂಚನಾಗಿದ್ದವನು ನಾನು. ನಾನು ನೋಡಿಲ್ಲ, ಆದರೆ ಸಾಕ್ಷಿ ಇದೆ ಎಂದು ಹೇಳಿ ನೀನು ಒಂಟೆಯನ್ನೇ ನಡೆಸುವಂತೆ ಮಾಡಿದೆ, ನೀನು ಸೋತೆ. ಊರೆಲ್ಲ "ಜಿನಪ್ಪ ಮಾಸ್ತರ ಅಂದ್ರ ತಕ್ಕಡಿ, ಮಗಾನ್ನೂ ಬಿಡಲಿಲ್ಲ" ಎಂದಿತು. ಆ ಹೆಸರಿನ ಮೇಲೆ ಇಷ್ಟು ವರ್ಷ ಬದುಕಿದ್ದೇನೆ. ನೀನು ಮರುದಿನದಿಂದ ಪಟ ಮುಟ್ಟಲಿಲ್ಲ, ನನ್ನೊಡನೆ ಮಳೆ, ಬೆಳೆ, ಆರೋಗ್ಯ ಬಿಟ್ಟು ಬೇರೆ ಮಾತಾಡಲಿಲ್ಲ. ಸಾಕ್ಷಿ ಇತ್ತು, ನಾನೇನು ಮಾಡಲಿ ಎಂದು ಅಂದೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಸುನಂದಾ ಮೇಲ್ಮನವಿ ಕೊಟ್ಟಿದ್ದಾಳೆ. ನಾಳೆ ಮೂರಕ್ಕೆ ಮಿರಜದಲ್ಲಿ ಮೂರು ಜನರ ಸಮಿತಿ ಕೂರುತ್ತದೆ, ಶುಕ್ರವಾರ ಹೆಸರು ಮುಂಬಯಿಗೆ ಹೋಗುತ್ತದೆ. ಡಬ್ಬಿ ಬಿಡುವು ಇತ್ತು ಎಂದು ಹೇಳಬಲ್ಲ ಹಳಬರಲ್ಲಿ ನಾನೊಬ್ಬನೇ ಉಳಿದವನು. ಹೋಗಿ ಹೇಳಿದರೆ, ಭಾನುವಾರ ಯಾಕೆ ಇಲ್ಲ ಎಂದಿರಿ ಎಂದು ಕೇಳುತ್ತಾರೆ. ಏನು ಹೇಳಲಿ? ಮೊಮ್ಮಗಳ ಪರ ನಿಂತ ಎನ್ನಿಸಿಕೊಳ್ಳಲು ಹೆದರಿದೆ ಎಂದೇ? ನಿನ್ನ ಅವ್ವ ನಿನ್ನೆ ತಟ್ಟೆ ಇಡುತ್ತಾ ಒಂದೇ ಮಾತು ಆಡಿದಳು. "ನಿಮಗ ಖರೇ ಹೇಳೂದಕ್ಕಿಂತ ಖರೇ ಮನಷ್ಯಾ ಅನ್ನಿಸಿಕೊಳ್ಳೂದ ಹೆಚ್ಚಾಗೇತಿ." ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ಕಾಯಿ ನಡೆಸುವುದನ್ನು ಕಲಿಯಲಿಲ್ಲ, ಆದರೆ ಎಲ್ಲಿ ಹೊಡೆಯಬೇಕೆಂದು ಚೆನ್ನಾಗಿ ಬಲ್ಲಳು. ನನಗೆ ದಣಿವಾಗಿದೆ, ಸುಕುಮಾರಾ. ಸೇತುವೆ ದಾಟಿ ಹೋಗಿ ಬರುವ ದಣಿವಲ್ಲ ಇದು. ಹೋಗಬೇಕೋ ಬೇಡವೋ, ಇದನ್ನು ಬರೆದು ಮುಗಿಸುವಷ್ಟರಲ್ಲಿ ತಿಳಿಯುತ್ತದೆ ಎಂದುಕೊಂಡಿದ್ದೆ, ತಿಳಿಯಲಿಲ್ಲ.

ಕೈಗೆ ಎಣ್ಣೆ ಹಚ್ಚು, ಹೊತ್ತಿಗೆ ಉಣ್ಣು. ಹಂಗಾಮು ಮುಗಿದ ಕೂಡಲೇ ಬಾ, ಮಗಳಿಗೆ ನೀನು ಬೇಕಾಗಿದ್ದೀಯೆ. ಅವ್ವನ ಆಶೀರ್ವಾದ ದೊಡ್ಡದು, ನನ್ನದು ಅದರ ಹಿಂದೆ ನಿಂತಿದೆ, ಎರಡನ್ನೂ ತೆಗೆದುಕೋ.

ನಿನ್ನ ಅಪ್ಪ,
ಜಿನಪ್ಪ

ತಾ.ಕ.: ಬುಧವಾರ ಸಂಜೆ. ಮಿರಜ ಸ್ಟೇಷನ್ನಿನ ಟಪಾಲು ಕಿಟಕಿಯ ಮುಂದೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಸುಧಾರಿಸಿಕೋ, ಚೀಲ ಕಟ್ಟುತ್ತಿದ್ದಾರೆ. ಸಭೆಗೆ ಹೋದೆ, ಋತುಜಾಳನ್ನೂ ಕರೆದುಕೊಂಡು ಹೋದೆ. ಎಲ್ಲ ಹೇಳಿದೆ: ರೂಢಿ ಹಾಕಿದವನು ನಾನು, ಹುಡುಗಿಗೆ ಹೇಳಿದವನು ನಾನು, ಜನರಿಗೆ ಹೆದರಿ ಇಲ್ಲ ಎಂದವನೂ ನಾನು. ಕೇಳಿದರು. ಕೈ ಕುಲುಕಿದ ಮೇಲೆ ಆಟ ಮುಗಿಯಿತು ಎಂದು ಫಲಿತಾಂಶ ಹಾಗೆಯೇ ಇಟ್ಟರು. ಪುಣೆಯವಳು ಹೋಗುತ್ತಾಳೆ. ನಮ್ಮವಳು ಈಗ ಪ್ಲ್ಯಾಟ್‌ಫಾರ್ಮಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದ್ದಾಳೆ, ಹೊತ್ತು ಇನ್ನೂ ಇದೆ. ಅರ್ಧ ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟು ಮೂರು ದಿನದ ಮೇಲೆ ಮಾತಾಡಿದಳು: "ಅಜ್ಜಾ, ಪಪ್ಪಾಂದೂ ಹಿಂಗ ಆಗಿತ್ತೇನ?" ಅವಳಿಗೆ ಉತ್ತರ ಕೊಟ್ಟಿಲ್ಲ, ಮೊದಲು ನಿನಗೆ ಕೊಡಬೇಕು. ಅಂದು ನೀನು ಹಾಕಿಕೊಂಡಿದ್ದ ನನ್ನ ಅಂಗಿಯ ತೋಳಿಗೆ ಗುಂಡಿ ಇರಲಿಲ್ಲ. ಒಂಟೆಗೆ ತಗಲಿದ್ದು ಆ ಜೋತುಬಿದ್ದ ತೋಳು, ನಿನ್ನ ಬೆರಳಲ್ಲ. ನಾನು ನಿನ್ನ ಹಿಂದೆಯೇ ನಿಂತಿದ್ದೆ. ನೋಡಿದ್ದೆ.