ಹದಿನಾಲ್ಕನೆಯ ಹೆಸರು

ಮಾರ್ಚ್ 3, ಬೆಳಿಗ್ಗೆ 11
ವಿದೇಶಾಂಗ ಇಲಾಖೆಗೆ ಆರನೇ ಪತ್ರ ಟೈಪ್ ಮಾಡಿ ವಕೀಲರ ಸಹಿಗೆ ಇಟ್ಟೆ. ಉತ್ತರ ಬರುವವರೆಗೆ ಬರೆಯುವವಳೇ ನಾನು. ಕ್ಯಾಂಪ್ ಬಡಾವಣೆಯ ಈ ವಕೀಲರ ಆಫೀಸಿನಲ್ಲಿ ನನ್ನಷ್ಟು ಹಟ ಯಾರಿಗಿದೆ? ಕೊಲ್ಲಿ ದೇಶಕ್ಕೆ ಕಟ್ಟಡ ಕೆಲಸಕ್ಕೆ ಹೋದ ಹದಿನಾಲ್ಕು ಜನ, ಉರಿಬಿಸಿಲಲ್ಲಿ ನೀರು ಕೇಳಿ ಕೆಲಸ ನಿಲ್ಲಿಸಿದರು. ಎಲ್ಲರೂ ಜೈಲಿಗೆ. ಕೇಸಿಲ್ಲ, ಕೋರ್ಟಿಲ್ಲ, ಏಳು ತಿಂಗಳು. ಇಲ್ಲೇ ಹತ್ತಿರದ ಯೆರವಡಾದ ರುದ್ರವ್ವನ ಗಂಡ ಫಕೀರಪ್ಪನೂ ಅವರಲ್ಲೊಬ್ಬ. ದಿನಾ ಬಂದು ಕೇಳುತ್ತಾಳೆ: “ಇವತ್ತರ ಸುದ್ದಿ ಅದ ಏನ್ರಿ ಅಕ್ಕೋರ?”

ಮಾರ್ಚ್ 9
ಭಲೇ! ದಿಲ್ಲಿಯವರು ಆ ದೇಶದ ರಾಯಭಾರಿಯನ್ನು ಕರೆಸಿ ಖಡಕ್ಕಾಗಿ ಕೇಳಿದ್ದಾರೆ. ಹದಿಮೂರು ಜನ ತಮ್ಮ ಜೈಲಿನಲ್ಲಿರುವುದನ್ನು ಆ ದೇಶದವರು ಒಪ್ಪಿಕೊಂಡರು. ಫಕೀರಪ್ಪ ಮಾತ್ರ... ಅಂಥವನೇ ಇಲ್ಲವಂತೆ! ಹೆಂಡತಿ ಎರಡೂ ಕಡೆಯ ಅಧಿಕಾರಿಗಳೆದುರು ವಿಡಿಯೋ ಕಾಲ್‌ನಲ್ಲಿ ಹೇಳಿಕೆ ಕೊಡಬೇಕಂತೆ. ಕೊಡಿಸುತ್ತೇನೆ.

ಮಾರ್ಚ್ 12
ಛೇ. ವೀಸಾ ನಂಬರ್, ಹೋದ ತಾರೀಖು, ಕಂಪನಿ — ಎಲ್ಲ ಬಾಯಿಪಾಠ ಮಾಡಿಸಿದ್ದೆ. ಮೊದಲ ಪ್ರಶ್ನೆಯೇ, ಗಂಡನ ಹೆಸರೇನು? ರುದ್ರವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. “ನಮ್ಮ ದುರ್ಗಾನ ಅಪ್ಪ ರೀ.” ಮೂರು ಸಲ ಕೇಳಿದರು, ಮೂರು ಸಲವೂ ಅದೇ. ಹೆಸರೇ ಗೊತ್ತಿಲ್ಲದ ಗಂಡ ಎಂದು ಆ ದೇಶದವನು ನಕ್ಕು ಫೈಲ್ ಮುಚ್ಚಿದ.
ನನ್ನವ್ವ ನಲವತ್ತು ವರ್ಷ ಅಪ್ಪನ ಹೆಸರೆತ್ತಲಿಲ್ಲ. ನಾನೇ ಮರೆತೆನಲ್ಲ! ಮೇಲಿಂದ ಆಕೆಯ ಮೇಲೆ ರೇಗಿದೆ. ನಾಚಿಕೆಯಾಗುತ್ತಿದೆ.

ಮಾರ್ಚ್ 13
“ಹೆಸರ ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗ್ತದ್ರಿ.”
“ಮದುವ್ಯಾಗ ಒಡಪ ಹಾಕಿ ಹೇಳಿದ್ದಿಲ್ಲೇನು? ಆಗೇನಾತು?”
ರುದ್ರವ್ವ ಕಣ್ಣರಳಿಸಿದಳು. ಹೌದಲ್ಲ, ಹಾಡಿನ ಸಾಲಿನಲ್ಲಿ ಪೋಣಿಸಿ ಹೇಳಿದರೆ ದೋಷವಿಲ್ಲ! ಆಕೆ ನಕ್ಕಿದ್ದನ್ನು ಇವತ್ತೇ ಕಂಡೆ. ಇನ್ನೊಮ್ಮೆ ಹೇಳಿಕೆಗೆ ಅವಕಾಶ ಕೇಳಿ ಏಳನೇ ಪತ್ರ ಕೂಡಲೇ ಕಳಿಸಿದೆ.

ಮಾರ್ಚ್ 20
ದಿಲ್ಲಿ ಜಗ್ಗಲಿಲ್ಲ — ಹದಿನಾಲ್ಕನೆಯವನನ್ನು ತೋರಿಸುವ ತನಕ ಆ ದೇಶದ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ ಸಹಿ ಇಲ್ಲ ಅಂದುಬಿಟ್ಟಿತು. ಮತ್ತೆ ವಿಡಿಯೋ. ಮತ್ತೆ ಅದೇ ಪ್ರಶ್ನೆ. ರುದ್ರವ್ವ ಎದ್ದು ನಿಂತಳು, ಕ್ಯಾಮೆರಾವನ್ನೇ ನೋಡುತ್ತ...
“ಬಿಸಲಾಗ ನೀರ ಕೇಳಿದ್ದು ಏನ ತಪ್ಪ?
ಜೇಲಿನಿಂದ ಬಿಡ್ರಿ, ನಮ್ಮವರ ಹೆಸರ ಫಕೀರಪ್ಪ!”
ದಿಲ್ಲಿಯವರು ಅರ್ಥ ಬಿಡಿಸಿ ಹೇಳಿದರು. ಈ ಸಲ ಆ ದೇಶದವನು ನಗಲಿಲ್ಲ. ಬರೆದುಕೊಂಡ.

ಮಾರ್ಚ್ 26, ಮಧ್ಯಾಹ್ನ
ಆಫೀಸಿಗೆ ಹೊರದೇಶದ ಫೋನ್. ಫಕೀರಪ್ಪನೇ! ಭಾನುವಾರದ ವಿಮಾನಕ್ಕೆ ಹದಿನಾಲ್ಕೂ ಜನ ಹತ್ತುತ್ತಾರೆ. ಬಾಗಿಲಲ್ಲಿದ್ದ ರುದ್ರವ್ವನ ಕೈಗೆ ಫೋನ್ ಕೊಟ್ಟೆ. ಎರಡು ದೇಶಗಳ ಮುಂದೆ ಹೆಸರು ಕೂಗಿದ ಹೆಂಗಸು, ಈಗ ಬರೀ “ರೀ...” ಅನ್ನುತ್ತಾಳೆ. “ರೀ... ರೀ...” ಅಷ್ಟೇ. ನನಗೆ ಅಕ್ಷರ ಕಾಣುತ್ತಿಲ್ಲ, ಆಮೇಲೆ ಬರೆ—