ಶೀಟಿಗೆ ಬಾರದ ಗೋಡೌನು

ಜೂನ್ ೧೨, ಶುಕ್ರವಾರ

ಲಿಂಕ್ ಕೆಟ್ಟಿರಲಿಲ್ಲ. ಅದೇ ಬೆಳಿಗ್ಗೆಯಿಂದ ತಲೆ ಕೊರೆಯುತ್ತಿದೆ.

ಕಂಪನಿಯ ಸಿಸ್ಟಮ್‌ನಿಂದ ಲೆಕ್ಕವೆಲ್ಲ ನೇರವಾಗಿ ನನ್ನ ಎಕ್ಸೆಲ್ ಶೀಟಿಗೆ ಬರುವಂತೆ ಲಿಂಕ್ ಮಾಡಿಸಿದ್ದು ನಾನೇ. ರಿಫ್ರೆಶ್ ಒತ್ತಿದರೆ ಸಾಕು, ತಿಂಗಳ ವರದಿ ಸಿದ್ಧ. ಇವತ್ತು ಒತ್ತಿದಾಗ ಭಾವ ನೋಡಿಕೊಳ್ಳುವ ಗೋಡೌನಿನ ಸಾಲೇ ಇರಲಿಲ್ಲ. ಹಿಂದೆಮುಂದೆ ನೋಡದೆ ಅವರಿಗೇ ಫೋನ್ ಮಾಡಿದೆ. "ಭಾವ, ನಿಮ್ಮ ಡೇಟಾ ಬಂದಿಲ್ಲ, ಇನ್ನೊಂದ್ಸಲ ಹಾಕಿಸಿ."

"ಬೆಳಿಗ್ಗೆಯಿಂದ ಲಾರಿ ಮೇಲೆ ಲಾರಿ ತುಂಬಿಸ್ತಾ ಇದ್ದೀವಲ್ಲಮ್ಮ! ಸರಿ, ಹಾಕಿಸ್ತೀನಿ ಬಿಡು."

ಆಮೇಲೆ ಸಿಸ್ಟಮ್ ನೋಡಿಕೊಳ್ಳುವವನನ್ನು ಕೇಳಿದೆ. "ಲಿಂಕ್ ಸರಿಯಾಗೇ ಇದೆ ಮೇಡಂ. ಆ ಗೋಡೌನನ್ನ ನಿನ್ನೆ ಸಿಸ್ಟಮ್‌ನಲ್ಲಿ ಕ್ಲೋಸ್ ಮಾಡಿದ್ದಾರೆ. ಕ್ಲೋಸ್ ಆಗಿದ್ದು ಶೀಟಿಗೆ ಬರಬಾರದು ಅಂತ ನೀವೇ ಹೇಳಿದ್ರಲ್ಲ."

ಮ್ಯಾನೇಜರ್ ಹತ್ತಿರ ಹೋದರೆ, ಬಾಗಿಲು ಹಾಕಿಕೊಂಡು ಹೇಳಿದರು: "ಆ ಗೋಡೌನ್ ಮುಚ್ತಾ ಇದ್ದೀವಿ. ಸೋಮವಾರ ನಾವೇ ಅವರಿಗೆ ತಿಳಿಸ್ತೀವಿ. ಅಲ್ಲೀವರೆಗೆ ನೀವು ಬಾಯಿ ಬಿಡಬೇಡಿ."

ಇಡೀ ಗೋಡೌನು. ಅಷ್ಟೂ ಜನ. ಅಕ್ಕ ಸಂಜೆ ಹೊಸ ಪರದೆ ಬಟ್ಟೆಯ ಫೋಟೊ ಕಳಿಸಿ, ಯಾವ ಬಣ್ಣ ತಗೊಳ್ಳಲಿ ಎಂದು ಕೇಳಿದ್ದಳು. "ನೀಲಿ" ಎಂದು ಬರೆದೆ. ಈ ಕೈಗಿಷ್ಟು ಬೆಂಕಿ ಹಾಕ.

ರಾತ್ರಿ ಊಟಕ್ಕೆ ಕೂತಾಗ ಭಾವನ ಫೋನ್. "ಸಿಸ್ಟಮ್ ಒಂದು ಎಂಟ್ರಿನೂ ತಗೋತಾ ಇಲ್ಲ ಕಣಮ್ಮ. ನಿನ್ನ ವರದಿ ನಿಲ್ಲಬಾರದು ಅಂತ ನಮ್ಮವರನ್ನ ಯಾರನ್ನೂ ಇನ್ನೂ ಮನೆಗೆ ಬಿಟ್ಟಿಲ್ಲ. ನಿನ್ನ ಲಿಂಕೇ ಕೆಟ್ಟಿದೆಯಾ?"

ನನ್ನ ಲಿಂಕು ಒಂದು ದಿನವೂ ಸುಳ್ಳು ಹೇಳಿಲ್ಲ ಎಂದು ಆಫೀಸಿಗೆಲ್ಲ ಕೊಚ್ಚಿಕೊಂಡವಳು ನಾನು.

"ಹೌದು ಭಾವ," ಎಂದೆ. "ಲಿಂಕ್ ಕೆಟ್ಟಿದೆ. ಎಲ್ಲರನ್ನೂ ಮನೆಗೆ ಕಳಿಸಿಬಿಡಿ."